ನೋಡಲು ಕಲಿತ ಕತೆಗಾರ: ಮೊಪಾಸಾ

ವಿಷಯವೊಂದನ್ನು ಕೊಟ್ಟು ಕತೆ ಬರೆಯಿಸುವುದು ಸಾಧ್ಯವೇ ಎಂಬ ಪ್ರಶ್ನೆ ಅಧ್ಯಾಪಕರನ್ನು ಆಗಾಗ ಕಾಡುತ್ತದೆ. ಒಂದು ಚಿತ್ರವನ್ನು ಮುಂದಿಟ್ಟೋ, ಕತೆಯ ಮೊದಲ ವಾಕ್ಯವನ್ನು ಹೇಳಿಕೊಟ್ಟೋ, ಇದರಿಂದ ಒಂದು ಪಾತ್ರವನ್ನು ಕಟ್ಟಿರಿ, ಒಂದು ಸನ್ನಿವೇಶವನ್ನು ರಚಿಸಿರಿ ಎಂದು ವಿದ್ಯಾರ್ಥಿಗಳಿಗೆ ಹೇಳುವ ಪದ್ಧತಿ ಇಂದು ಸಾಕಷ್ಟು ಬಳಕೆಯಲ್ಲಿದೆ. ಇಂಥದು ನಮಗೆ ತೀರ ಹೊಸದೂ ಅಲ್ಲ. ಅವಧಾನದ ಸಭೆಯಲ್ಲಿ ಪೃಚ್ಛಕನು ಪದ್ಯದ ಕೊನೆಯ ಪಾದವನ್ನು ಒಡ್ಡುವನು. ಅವಧಾನಿಯು ಮಿಕ್ಕ ಮೂರು ಪಾದಗಳನ್ನು ಕಟ್ಟಿ ಸಮಸ್ಯೆಯನ್ನು ಪೂರೈಸುವನು. ಆದರೆ ಸಮಸ್ಯಾಪೂರಣದಲ್ಲಿ ನಾವು ಮೆಚ್ಚುವುದು ಮುಖ್ಯವಾಗಿ ಪ್ರತಿಭೆಯ ಚುರುಕನ್ನು. ಕತೆಗಾರನಿಗೆ ಬೇಕಾದ ಗುಣವೇ ಬೇರೆ. ಅದನ್ನೂ ಹೀಗೆ ವಿಷಯ ಕೊಟ್ಟು ಕಲಿಸಲು ಬರುತ್ತದೆಯೇ? ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಒಬ್ಬ ಗುರು ಒಬ್ಬನೇ ಶಿಷ್ಯನಿಗೆ ಏಳು ವರ್ಷಗಳ ಕಾಲ ಇದನ್ನು ಕಲಿಸಿದ. ಗುರು, ಗುಸ್ತಾವ್ ಫ್ಲೊಬೇರ್; ಶಿಷ್ಯ, ಗೀ ದ ಮೊಪಾಸಾ. ಆ ಶಿಷ್ಯನ ಅಲ್ಪಾಯುಷ್ಯದ ಜೀವನವೇ ನಮ್ಮ ಪ್ರಶ್ನೆಗೆ ಒಂದು ಉತ್ತರದಂತಿದೆ.

ಮೊಪಾಸಾ ಹುಟ್ಟಿದ್ದು 1850ರ ಆಗಸ್ಟ್ 5ರಂದು, ಉತ್ತರ ಫ್ರಾನ್ಸಿನ ನಾರ್ಮಂಡಿ ಪ್ರಾಂತದಲ್ಲಿ. ತಂದೆತಾಯಿಗಳ ದಾಂಪತ್ಯ ಸುಖವಾಗಿರಲಿಲ್ಲ. ಅವರು ಬೇರೆಯಾದ ಮೇಲೆ ಗೀ ಮತ್ತು ಆತನ ತಮ್ಮ ಎರ್ವೆ ತಾಯಿ ಲೋರಳ ಆಶ್ರಯದಲ್ಲಿ ಎತ್ರೆತಾ ಎಂಬ ಕಡಲತಡಿಯ ಊರಿನಲ್ಲಿ ಬೆಳೆದರು. ಬೆಸ್ತರ ದೋಣಿ, ರೈತರ ಅಂಗಳ, ಸಂತೆಯ ಗದ್ದಲ ಇವೇ ಹುಡುಗನ ಮೊದಲ ಪಾಠಶಾಲೆಗಳು. ತಾಯಿ ವಿದ್ಯಾವಂತೆ, ಸಾಹಿತ್ಯಪ್ರಿಯೆ. ಆಕೆಯ ಅಣ್ಣ ಆಲ್ಫ್ರೆದ್ ಲ ಪ್ವಾತ್ವೆಂ ಫ್ಲೊಬೇರನ ಯೌವನದ ಪ್ರಾಣಮಿತ್ರನಾಗಿದ್ದು, 1848ರಲ್ಲಿಯೇ ತೀರಿಕೊಂಡಿದ್ದ. ಆ ಸೋದರಮಾವನನ್ನು ಮೊಪಾಸಾ ನೋಡಲೇ ಇಲ್ಲ. ಆದರೆ ಆತನ ವಿದ್ಯಾಭ್ಯಾಸದ ಬಾಗಿಲು ತೆರೆದದ್ದು ಆ ಸತ್ತ ಮಾವನ ಸ್ನೇಹದ ಬಲದಿಂದ. ಗೆಳೆಯನ ಚಹರೆಯನ್ನು ಅಳಿಯನ ಮುಖದಲ್ಲಿ ಕಂಡು ಫ್ಲೊಬೇರ್ ಕರಗಿದ.

ಈವ್ತೊ ಎಂಬ ಊರಿನ ಪಾದ್ರಿಗಳ ಶಾಲೆಗೆ ಹುಡುಗನನ್ನು ಸೇರಿಸಿದರು, ಅಲ್ಲಿಂದ ಹೊರಹಾಕಿಸಿಕೊಂಡ. ರೂವಾ ನಗರದ ಶಾಲೆಗೆ ಬಂದಾಗ ಲೂಯಿ ಬೂಯ್ಯೆ ಎಂಬ ಕವಿ ಆತನ ಪದ್ಯಗಳನ್ನು ತಿದ್ದತೊಡಗಿದ. ಬೂಯ್ಯೆಯೂ ಫ್ಲೊಬೇರನ ಆಪ್ತ. ಆದರೆ 1869ರಲ್ಲಿ ಆತನೂ ತೀರಿಕೊಂಡ. ಮರುವರ್ಷವೇ ಪ್ರಷ್ಯದೊಡನೆ ಯುದ್ಧ ಬಂದಿತು. ಇಪ್ಪತ್ತರ ಹರೆಯದ ಮೊಪಾಸಾ ಸೈನ್ಯಕ್ಕೆ ಸೇರಿ, ಸೋತು ಹಿಂದೆಗೆಯುತ್ತಿದ್ದ ದಳಗಳೊಡನೆ ನಡೆದ. ಶತ್ರುವಿನ ಕೈಗೆ ಸಿಕ್ಕಿಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಆಗ ಕಂಡ ಅಪಮಾನವನ್ನು ಆತ ಕೊನೆಯವರೆಗೂ ಮರೆಯಲಿಲ್ಲ. ಯುದ್ಧ ಮುಗಿದ ಮೇಲೆ 1872ರಲ್ಲಿ ಪ್ಯಾರಿಸಿನ ನೌಕಾಖಾತೆಯಲ್ಲಿ ಗುಮಾಸ್ತೆಯಾದ. ಮೊದಲ ಕೆಲವು ತಿಂಗಳು ಸಂಬಳವೂ ಇರಲಿಲ್ಲ. ಹಗಲೆಲ್ಲ ಕಡತಗಳ ನಡುವೆ ಬೇಸರ; ಬಿಡುವು ಸಿಕ್ಕಿದರೆ ಸೇನ್ ನದಿಯ ಮೇಲೆ ದೋಣಿ ಹುಟ್ಟು ಹಾಕುವ ಹುಚ್ಚು; ರಾತ್ರಿ ಬರವಣಿಗೆ.

ಬರೆದುದನ್ನೆಲ್ಲ ಫ್ಲೊಬೇರನಿಗೆ ಒಪ್ಪಿಸುತ್ತಿದ್ದ. ಫ್ಲೊಬೇರ್ ಚಳಿಗಾಲದ ತಿಂಗಳುಗಳನ್ನು ಪ್ಯಾರಿಸಿನಲ್ಲಿ ಕಳೆಯುತ್ತಿದ್ದಾಗ ಭಾನುವಾರ ಆತನ ಮನೆಯಲ್ಲಿ ಸಾಹಿತಿಗಳ ಕೂಟ ಸೇರುತ್ತಿತ್ತು. ರಷ್ಯದ ತುರ್ಗೆನೆವ್ ಬರುತ್ತಿದ್ದ. ಝೋಲಾ, ದೋದೆ, ಎದ್ಮೊಂ ದ ಗೊಂಕೂರ್ ಬರುತ್ತಿದ್ದರು. ಶಿಷ್ಯನಿಗಾದರೋ ಭಾನುವಾರವೆಂದರೆ ಪರೀಕ್ಷೆಯ ದಿನ. ಆತ ಕೊಟ್ಟುಹೋದ ಪದ್ಯ, ಕತೆ, ನಾಟಕ ಯಾವುದನ್ನೂ ಗುರು ಓದದೆ ಬಿಡುತ್ತಿರಲಿಲ್ಲ. ಊಟದ ಮೇಜಿನ ಮುಂದೆ ಕುಳಿತು ಒಂದೊಂದಾಗಿ ದೋಷಗಳನ್ನು ಎತ್ತಿ ತೋರಿಸುತ್ತಿದ್ದ. ಅವಸರದಿಂದ ಅಚ್ಚಿಗೆ ಕೊಡಬಾರದೆಂಬುದು ಆತನ ಕಟ್ಟಪ್ಪಣೆ. ಹೊಟ್ಟೆಪಾಡಿನ ಗುಮಾಸ್ತೆಗೆ, ಕೀರ್ತಿಗಾಗಿ ಹಂಬಲಿಸುವ ವಯಸ್ಸಿನಲ್ಲಿ, ಇದು ಸಾಮಾನ್ಯ ಶಿಕ್ಷೆಯಲ್ಲ. 1875ರಲ್ಲಿ ಒಂದು ಕತೆ ಅಚ್ಚಾದದ್ದುಂಟು, ಅದೂ ಮರೆಹೆಸರಿನಲ್ಲಿ. ಆ ವರ್ಷಗಳಲ್ಲಿ ಬರೆದುದರಲ್ಲಿ ಹೆಚ್ಚಿನದು ಉಳಿಯಲಿಲ್ಲ.

ಫ್ಲೊಬೇರ್ ಕೊಡುತ್ತಿದ್ದ ಅಭ್ಯಾಸಗಳ ಸ್ವರೂಪವನ್ನು ಮೊಪಾಸಾ 1888ರಲ್ಲಿ, ತನ್ನ ‘ಪಿಯೆರ್ ಮತ್ತು ಝಾಂ’ ಕಾದಂಬರಿಗೆ ಬರೆದ ಮುನ್ನುಡಿಯಲ್ಲಿ ತಿಳಿಸಿದ್ದಾನೆ. ಗುರು ಕತೆಯ ಸಂಗತಿಯನ್ನು ಕೊಡುತ್ತಿರಲಿಲ್ಲ, ನೀತಿಯನ್ನು ಹೇಳುತ್ತಿರಲಿಲ್ಲ. ಬೀದಿಯಲ್ಲಿ ಯಾರ ಕಣ್ಣಿಗೂ ಬೀಳುವ ಒಂದು ನೋಟವನ್ನು ಕೊಡುತ್ತಿದ್ದ. ಅಂಗಡಿಯ ಬಾಗಿಲಲ್ಲಿ ಕುಳಿತ ಒಬ್ಬ ದಿನಸಿ ವ್ಯಾಪಾರಿ. ಹೊಗೆಪೈಪು ಸೇದುತ್ತಿರುವ ಒಬ್ಬ ಮನೆಕಾವಲಿನವ. ಬಾಡಿಗೆ ಗಾಡಿಗಳು ನಿಲ್ಲುವ ಒಂದು ತಾಣ. ಇವರನ್ನು ವರ್ಣಿಸಬೇಕು. ಆದರೆ ಆ ವ್ಯಾಪಾರಿ ಬೇರೆ ಯಾವ ವ್ಯಾಪಾರಿಯೂ ಆಗಬಾರದು. ಆ ಕಾವಲಿನವನನ್ನು ಮತ್ತೊಬ್ಬನೆಂದು ಓದುಗ ಭ್ರಮಿಸಬಾರದು. ಕುಳಿತ ಭಂಗಿಯಲ್ಲಿ, ಮೈಕಟ್ಟಿನಲ್ಲಿ ಅವರ ಸ್ವಭಾವವೆಲ್ಲ ಅಡಗಿರಬೇಕು. ಗಾಡಿಗೆ ಹೂಡಿದ ಒಂದು ಕುದುರೆ, ಹಿಂದೆ ಮುಂದೆ ನಿಂತಿರುವ ಐವತ್ತು ಕುದುರೆಗಳಿಗಿಂತ ಹೇಗೆ ಭಿನ್ನ ಎಂಬುದನ್ನು ಒಂದೇ ಮಾತಿನಲ್ಲಿ ಕಾಣಿಸಬೇಕು. ಬಯಲಿನ ಮರವನ್ನು ವರ್ಣಿಸಬೇಕಾದರೆ, ಅದು ಲೋಕದ ಇನ್ನಾವ ಮರವನ್ನೂ ಹೋಲುವುದಿಲ್ಲವೆಂದು ಅರಿವಾಗುವವರೆಗೆ ಅದರ ಮುಂದೆ ನಿಂತಿರಬೇಕು.

ಈ ಅಭ್ಯಾಸದ ಮರ್ಮ ಇಲ್ಲಿದೆ. ವ್ಯಾಪಾರಿ ಎಂದೊಡನೆ ನಮ್ಮ ಮನಸ್ಸು ಜಿಪುಣತನವನ್ನೋ ಬೊಜ್ಜನ್ನೋ ನೆನೆಯುತ್ತದೆ. ಅದು ನಾವು ಕಂಡದ್ದಲ್ಲ. ನಮಗಿಂತ ಮೊದಲು ಬರೆದವರಿಂದ ಎರವಲು ತಂದದ್ದು. ಗುರು ಹೋರಾಡುತ್ತಿದ್ದುದು ಈ ಎರವಲಿನ ಮೇಲೆ. ಕೊಟ್ಟ ವಿಷಯ ಎಷ್ಟು ಸಾಮಾನ್ಯವೋ ಎರವಲು ಅಷ್ಟು ಸುಲಭ. ಅದನ್ನು ಬಿಟ್ಟು ಸ್ವಂತ ಕಣ್ಣಿನಿಂದ ನೋಡುವ ಶ್ರಮವೂ ಅಷ್ಟೇ ಹೆಚ್ಚು. ಅದಕ್ಕಾಗಿಯೇ ಫ್ಲೊಬೇರ್ ಅದ್ಭುತವಾದ ವಿಷಯಗಳನ್ನು ಕೊಡದೆ ದಿನಸಿ ಅಂಗಡಿಯನ್ನು ಕೊಟ್ಟನೆಂದು ತೋರುತ್ತದೆ.

ಈ ತಪಸ್ಸಿನ ಫಲ ಕಂಡದ್ದು 1880ರಲ್ಲಿ. ಝೋಲಾ ಮತ್ತು ಆತನ ಐವರು ಕಿರಿಯ ಮಿತ್ರರು 1870ರ ಯುದ್ಧವನ್ನೇ ಸಮಾನ ವಸ್ತುವಾಗಿಟ್ಟುಕೊಂಡು ಒಂದು ಕಥಾಸಂಕಲನವನ್ನು ಹೊರತರಲು ನಿಶ್ಚಯಿಸಿದರು. ಕೆಲವರ ಕತೆಗಳು ಆಗಲೇ ಸಿದ್ಧವಾಗಿದ್ದವು. ಮೊಪಾಸಾ ಹೊಸದಾಗಿ ಬರೆದ. ಝೋಲಾನ ಮನೆಯಿದ್ದ ಊರಿನ ಹೆಸರಿನಿಂದ ‘ಮೆದಾಂ ಸಂಜೆಗಳು’ ಎಂದು ಪ್ರಕಟವಾದ ಆ ಪುಸ್ತಕದಲ್ಲಿ ಆರು ಕತೆಗಳಿದ್ದವು. ವಸ್ತು ಆರು ಜನರಿಗೂ ಒಂದೇ. ಆದರೂ ಲೋಕವೆಲ್ಲ ಇಂದು ನೆನೆಯುವುದು ಮೊಪಾಸಾನ ‘ಬೂಲ್ ದ ಸ್ವೀಫ್’ ಒಂದನ್ನೇ.

ಆ ಕತೆಯಲ್ಲಿ ರಣರಂಗವಿಲ್ಲ. ಶತ್ರುವಶವಾದ ರೂವಾದಿಂದ ಹಿಮದಲ್ಲಿ ಹೊರಟ ಒಂದು ಸಾರೋಟು, ಅದರಲ್ಲಿ ಹತ್ತು ಜನ: ದ್ರಾಕ್ಷಾರಸದ ವ್ಯಾಪಾರಿ, ಹತ್ತಿ ಗಿರಣಿಯ ಒಡೆಯ, ಒಬ್ಬ ಕೌಂಟ್, ಈ ಮೂವರ ಪತ್ನಿಯರು, ಇಬ್ಬರು ಕ್ರೈಸ್ತ ಸಂನ್ಯಾಸಿನಿಯರು, ಒಬ್ಬ ಪ್ರಜಾಪ್ರಭುತ್ವವಾದಿ, ಕೊನೆಗೆ ಒಬ್ಬ ವೇಶ್ಯೆ. ಹಸಿವಾದಾಗ ಬುತ್ತಿ ತಂದವಳು ಆಕೆಯೊಬ್ಬಳೇ. ಮೂಗು ಮುರಿದವರಿಗೆಲ್ಲ ಆಕೆ ಹಂಚುತ್ತಾಳೆ. ದಾರಿಯ ಊರಿನಲ್ಲಿ ಪ್ರಷ್ಯದ ಅಧಿಕಾರಿಯೊಬ್ಬ ಗಾಡಿಯನ್ನು ತಡೆಯುತ್ತಾನೆ. ಆ ವೇಶ್ಯೆ ತನ್ನ ಬಳಿಗೆ ಬರದೆ ಬಿಡೆನೆಂಬುದು ಆತನ ಹಟ. ದೇಶದ ವೈರಿಗೆ ಒಲ್ಲೆನೆಂದವಳನ್ನು ಆ ಮರ್ಯಾದಸ್ಥರು ದಿನಗಟ್ಟಲೆ ಉಪಾಯದಿಂದ ಒಪ್ಪಿಸುತ್ತಾರೆ. ಮತ್ತೆ ಗಾಡಿ ಹೊರಟಾಗ ಎಲ್ಲರ ಬಳಿಯೂ ಬುತ್ತಿಯಿದೆ. ಅವಸರದಲ್ಲಿ ಏನೂ ತಾರದವಳು ಆಕೆ ಮಾತ್ರ. ಒಬ್ಬರೂ ಒಂದು ತುತ್ತು ಕೊಡುವುದಿಲ್ಲ. ಹತ್ತು ಜನರಲ್ಲಿ ಒಬ್ಬೊಬ್ಬರು ತಿನ್ನುವ ಬಗೆಯಲ್ಲಿಯೇ ಅವರ ಅಂತರಂಗ ಬಯಲಾಗುತ್ತದೆ. ಗಾಡಿತಾಣದ ಕುದುರೆಗಳನ್ನು ಬೇರ್ಪಡಿಸಲು ಕಲಿತ ಕಣ್ಣು ಮನುಷ್ಯರನ್ನು ಬೇರ್ಪಡಿಸಿದ್ದು ಹೀಗೆ.

ಕರಡಚ್ಚಿನಲ್ಲಿಯೇ ಓದಿದ ಫ್ಲೊಬೇರ್ ಅದು ಶ್ರೇಷ್ಠಕೃತಿ ಎಂದು ಶಿಷ್ಯನಿಗೆ ಬರೆದು ತಿಳಿಸಿದ. ಏಳು ವರ್ಷ ತಿದ್ದಿದವನ ಬಾಯಿಂದ ಬಂದ ಆ ಮಾತಿಗೆ ಬೆಲೆ ಕಟ್ಟುವುದು ಕಷ್ಟ. ಪುಸ್ತಕ ಏಪ್ರಿಲಿನಲ್ಲಿ ಹೊರಬಂದಿತು. ಮೇ 8ರಂದು ಫ್ಲೊಬೇರ್ ಹಠಾತ್ತಾಗಿ ತೀರಿಕೊಂಡ. ಸುದ್ದಿ ತಿಳಿದೊಡನೆ ಧಾವಿಸಿದ ಶಿಷ್ಯ ಗುರುವಿನ ಶವವನ್ನು ತೊಳೆದು ಉಡುಪು ತೊಡಿಸಿದ. ಇನ್ನು ಮೇಲೆ ಭಾನುವಾರದ ಪರೀಕ್ಷೆ ಇರಲಿಲ್ಲ.

ಮುಂದಿನ ಹತ್ತು ಹನ್ನೊಂದು ವರ್ಷಗಳಲ್ಲಿ ಮೊಪಾಸಾ ಸುಮಾರು 300 ಕತೆಗಳನ್ನೂ 6 ಕಾದಂಬರಿಗಳನ್ನೂ ಬರೆದ. ಕಚೇರಿಯನ್ನು ಬಿಟ್ಟ, ಆದರೆ ಕಚೇರಿ ಆತನನ್ನು ಬಿಡಲಿಲ್ಲ. ನಮ್ಮ ಅನೇಕ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಓದಿರಬಹುದಾದ ‘ಕಂಠಹಾರ’ದ ಗಂಡ ಶಿಕ್ಷಣಖಾತೆಯ ಗುಮಾಸ್ತೆ. ಮೊಪಾಸಾ ನೌಕಾಖಾತೆಯಿಂದ ಹೋಗಿ ಸೇರಿದ್ದು ಅದೇ ಖಾತೆಯನ್ನು. 1883ರಲ್ಲಿ ಬರೆದ ‘ದಾರದ ತುಂಡು’ ಫ್ಲೊಬೇರನ ಪಾಠಕ್ಕೆ ನೇರವಾದ ನಿದರ್ಶನ. ಸಂತೆಗೆ ಬಂದ ಮುದಿ ರೈತ ನೆಲದ ಮೇಲಿನ ಒಂದು ತುಂಡು ದಾರವನ್ನು ಬಗ್ಗಿ ಎತ್ತಿಕೊಳ್ಳುತ್ತಾನೆ. ಉಪಯೋಗಕ್ಕೆ ಬರುವ ಯಾವುದನ್ನೂ ಬಿಡಬಾರದೆಂಬ ರೈತಬುದ್ಧಿ. ಹಳೆಯ ವೈರಿಯೊಬ್ಬ ಅದನ್ನು ನೋಡುತ್ತಿರುವುದು ಕಂಡು, ನಾಚಿ, ದಾರವನ್ನು ಅಂಗಿಯೊಳಗೆ ಅಡಗಿಸಿ, ಇನ್ನೇನನ್ನೋ ಹುಡುಕುವವನಂತೆ ನಟಿಸುತ್ತಾನೆ. ಅಷ್ಟೇ. ಅದೇ ದಿನ ಯಾರದೋ ಹಣದ ಚೀಲ ಕಳೆದುಹೋಗಿರುತ್ತದೆ. ಚೀಲ ಸಿಕ್ಕಿದ ಮೇಲೂ ಆತನ ಮಾತನ್ನು ಊರು ನಂಬುವುದಿಲ್ಲ. ದಾರದ ಕತೆಯನ್ನು ಹೇಳುತ್ತ ಹೇಳುತ್ತಲೇ ಮುದುಕ ಸಾಯುತ್ತಾನೆ. ಒಂದು ಬಗ್ಗುವಿಕೆ, ಒಂದು ನಾಚಿಕೆ, ಇಷ್ಟರಿಂದ ಪಾತ್ರ, ಪಾತ್ರದಿಂದ ಸನ್ನಿವೇಶ, ಸನ್ನಿವೇಶದಿಂದ ದುರಂತ.

ಎಲ್ಲ ಕತೆಗಳೂ ಈ ಮಟ್ಟದವಲ್ಲವೆಂಬುದನ್ನು ಒಪ್ಪಬೇಕು. ಗುರು ‘ಮದಾಂ ಬೊವಾರಿ’ ಒಂದಕ್ಕೇ ಸುಮಾರು ಐದು ವರ್ಷ ವ್ಯಯಿಸಿದ್ದ. ಶಿಷ್ಯನಾದರೋ ದಿನಪತ್ರಿಕೆಗಳ ಗಡುವಿಗೆ ಸಿಕ್ಕಿ, ಬರೆದುದನ್ನೇ ಬದಲಾಯಿಸಿ ಬರೆದ. ಕೊನೆಯ ತಿರುವಿನ ಚಮತ್ಕಾರಕ್ಕೆ ಒಮ್ಮೊಮ್ಮೆ ಮಾರುಹೋದ. ತಡೆದು ನಿಲ್ಲಿಸುವ ಗುರು ಇಲ್ಲದಿದ್ದುದೂ ಇದಕ್ಕೆ ಒಂದು ಕಾರಣವೆನ್ನಬಹುದು.

ಮತ್ತೊಂದು ಕಾರಣವೂ ಇತ್ತು. ಯೌವನದಲ್ಲಿಯೇ ಅಂಟಿದ್ದ ಫರಂಗಿರೋಗ ಒಳಗೊಳಗೆ ಕೊರೆಯುತ್ತಿತ್ತು. ಮೊದಲು ಕೆಟ್ಟದ್ದು ಕಣ್ಣು; ‘ಬೂಲ್ ದ ಸ್ವೀಫ್’ ಅಚ್ಚಾಗುವ ವೇಳೆಗೇ ಬಲಗಣ್ಣಿನ ದೃಷ್ಟಿ ತೊಂದರೆ ಕೊಡತೊಡಗಿತ್ತು. ಕಾಣದ ಜೀವಿಯೊಂದರ ಹಿಡಿತಕ್ಕೆ ಸಿಕ್ಕಿದವನ ಕತೆಯಾದ ‘ಓರ್ಲಾ’ 1887ರಲ್ಲಿ ಗ್ರಂಥರೂಪದಲ್ಲಿ ಬಂದಿತು. ಎರಡು ವರ್ಷಗಳ ಮೇಲೆ ತಮ್ಮ ಎರ್ವೆ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ. 1892ರ ಜನವರಿಯ ಆರಂಭದಲ್ಲಿ ಮೊಪಾಸಾ ತನ್ನ ಕತ್ತನ್ನು ಕೊಯ್ದುಕೊಂಡ. ಸೇವಕ ಬಂದು ಉಳಿಸಿದ. ಪ್ಯಾರಿಸಿನ ಪಾಸಿ ಭಾಗದ ಮಾನಸಿಕ ಚಿಕಿತ್ಸಾಲಯದಲ್ಲಿ ಹದಿನೆಂಟು ತಿಂಗಳು ನರಳಿ, 1893ರ ಜುಲೈ 6ರಂದು ಪ್ರಾಣ ಬಿಟ್ಟ. ಆಗ ಆತನಿಗೆ ನಲವತ್ತಮೂರು ತುಂಬಿರಲಿಲ್ಲ. ಸಮಾಧಿಯ ಬಳಿ ಝೋಲಾ ಮಾತನಾಡಿದ.

ವಿಷಯ ಕೊಟ್ಟು ಕತೆಗಾರನನ್ನು ಮಾಡಬಹುದೇ ಎಂಬ ಪ್ರಶ್ನೆಗೆ ಈ ಜೀವನ ಕೊಡುವ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ನಾರ್ಮಂಡಿಯ ಬಾಲ್ಯವನ್ನು, ಸೋತ ಸೈನ್ಯದ ದಾರಿಯನ್ನು, ಕಚೇರಿಯ ಬೇಸರವನ್ನು ಯಾವ ಗುರುವೂ ಕೊಡಲಾರ. ಅವನ್ನು ನೋಡುವ ಕಣ್ಣನ್ನು ಮಾತ್ರ ತಿದ್ದಬಲ್ಲ. ಅದಕ್ಕೂ ಒಂದು ನಿಬಂಧನೆಯುಂಟು. ಕರಿಹಲಗೆಯ ಮೇಲೆ ವಿಷಯವನ್ನು ಬರೆದು ಹೊರಟುಹೋದರೆ ಸಾಲದು; ಹುಡುಗ ಬರೆದು ತಂದುದನ್ನು ಪೂರ್ತಿ ಓದಬೇಕು, ಮುಂದಿನ ಭಾನುವಾರವೂ ಓದಬೇಕು. ವಿದ್ಯಾರ್ಥಿಯಾದವನು ಮೊದಲು ಹೊಳೆದುದನ್ನು ಬದಿಗಿಟ್ಟು ಆ ದಿನಸಿ ಅಂಗಡಿಯ ಮುಂದೆ ಮತ್ತೊಮ್ಮೆ ಹೋಗಿ ನಿಲ್ಲಬೇಕು.