ಲೂಯಿಸ್ ಸಾಕಲೆಕ್ಸಿಸ್
ಲೂಯಿಸ್ ಫ್ರಾನ್ಸಿಸ್ ಸಾಕಲೆಕ್ಸಿಸ್ (ಅಕ್ಟೋಬರ್ 24, 1871 – ಡಿಸೆಂಬರ್ 24, 1913) ಅಮೆರಿಕದ ಬೇಸ್‌ಬಾಲ್ ಆಟಗಾರರು. ಮೇಜರ್ ಲೀಗ್‌ನಲ್ಲಿ ಆಡಿದ ಮೊದಲ ಮೂಲನಿವಾಸಿ ಅಮೆರಿಕನ್ನರಲ್ಲಿ ಒಬ್ಬರೆಂದು ಇವರನ್ನು ಗುರುತಿಸಲಾಗುತ್ತದೆ.

ಆರಂಭಿಕ ಜೀವನ
ಇವರು ಮೈನ್ ರಾಜ್ಯದ ಓಲ್ಡ್ ಟೌನ್ ಬಳಿ, ಪೆನಾಬ್‌ಸ್ಕಾಟ್ ನದಿಯ ನಡುವಿನ ಇಂಡಿಯನ್ ಐಲೆಂಡ್‌ನಲ್ಲಿ ಪೆನಾಬ್‌ಸ್ಕಾಟ್ ಬುಡಕಟ್ಟಿನಲ್ಲಿ ಜನಿಸಿದರು. ಮ್ಯಾಸಚೂಸೆಟ್ಸ್‌ನ ಹೋಲಿ ಕ್ರಾಸ್ ಕಾಲೇಜಿನಲ್ಲಿ ಓದುವಾಗ ವೇಗದ ಓಟ ಮತ್ತು ದೂರದ ಎಸೆತಗಳಿಂದ ಹೆಸರಾದರು. ಕೆಲಕಾಲ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿಯೂ ಇದ್ದರು.

ವೃತ್ತಿಜೀವನ
1897ರಲ್ಲಿ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ತಂಡವನ್ನು ಔಟ್‌ಫೀಲ್ಡರ್ ಆಗಿ ಸೇರಿದರು. ಹಲವು ಮೈದಾನಗಳಲ್ಲಿ ಪ್ರೇಕ್ಷಕರು ಇವರ ಜನಾಂಗವನ್ನು ಅಣಕಿಸಿ ಕೂಗುತ್ತಿದ್ದರು. ಆದರೂ ಆ ವರ್ಷ 66 ಪಂದ್ಯಗಳಲ್ಲಿ 0.338 ಬ್ಯಾಟಿಂಗ್ ಸರಾಸರಿ ಗಳಿಸಿದರು. ಜುಲೈ ತಿಂಗಳಲ್ಲಿ ಕಾಲಿನ ಹರಡಿಗೆ ಆದ ಪೆಟ್ಟು ಹಾಗೂ ಮದ್ಯವ್ಯಸನ ಇವರ ಆಟವನ್ನು ಕುಂದಿಸಿದವು. ಒಟ್ಟು 94 ಪಂದ್ಯಗಳನ್ನಾಡಿದ ಇವರನ್ನು ತಂಡವು 1899ರಲ್ಲಿ ಕೈಬಿಟ್ಟಿತು.

ಕೊನೆಯ ದಿನಗಳು ಮತ್ತು ಸ್ಮರಣೆ
ಊರಿಗೆ ಮರಳಿದ ಇವರು ಬುಡಕಟ್ಟಿನ ಬಾಲಕರಿಗೆ ಆಟ ಕಲಿಸಿದರು, ಪಂದ್ಯಗಳಿಗೆ ಅಂಪೈರ್ ಆದರು, ದೋಣಿ ನಡೆಸಿದರು. ಕಾಡಿನಲ್ಲಿ ಮರ ಕಡಿಯುವ ಕೆಲಸದಲ್ಲಿದ್ದಾಗ 42ನೆಯ ವಯಸ್ಸಿನಲ್ಲಿ ನಿಧನರಾದರು.

ಸ್ಥಳೀಯ ಆಟಗಾರರನ್ನು ಗೌರವಿಸುವ ಮೈನ್ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಇವರ ಹೆಸರಿದೆ. 1915ರಲ್ಲಿ ಕ್ಲೀವ್‌ಲ್ಯಾಂಡ್‌ನ ಮತ್ತೊಂದು ತಂಡವು ಇಂಡಿಯನ್ಸ್ ಎಂಬ ಹೆಸರು ತಳೆದದ್ದು ಇವರ ಗೌರವಾರ್ಥವೆಂಬ ಹೇಳಿಕೆಯನ್ನು ಅನೇಕ ಸಂಶೋಧಕರು ಒಪ್ಪುವುದಿಲ್ಲ. ಮೂಲನಿವಾಸಿಗಳ ದೀರ್ಘಕಾಲದ ಆಕ್ಷೇಪದ ನಂತರ, 2021ರ ಋತು ಮುಗಿದ ಮೇಲೆ, ಆ ತಂಡವು ಗಾರ್ಡಿಯನ್ಸ್ ಎಂದು ಹೆಸರು ಬದಲಿಸಿಕೊಂಡಿತು.