ಸೆರೆಮನೆಯ ಲೆಕ್ಕ ಕೇಳಿದ ಷೆರೀಫ

ಇಂಗ್ಲೆಂಡಿನಲ್ಲಿ ಕೌಂಟಿಯೆಂದರೆ ಹೆಚ್ಚುಕಡಮೆ ನಮ್ಮ ಜಿಲ್ಲೆ. ಹದಿನೆಂಟನೆಯ ಶತಮಾನದಲ್ಲಿ ಅದರ ಷೆರೀಫನ ಪದವಿ ಜಮೀನುಳ್ಳ ಗೃಹಸ್ಥನೊಬ್ಬನಿಗೆ ಒಂದು ವರ್ಷದ ಮಟ್ಟಿಗೆ ಸಲ್ಲುತ್ತಿದ್ದ ಮರ್ಯಾದೆಯಾಗಿತ್ತು. ಸಂಚಾರದ ನ್ಯಾಯಾಧೀಶರನ್ನು ಆಡಂಬರದಿಂದ ಎದುರುಗೊಂಡು, ಅವರ ಪಕ್ಕದಲ್ಲಿ ಕುಳಿತು, ಅವರನ್ನು ಬೀಳ್ಕೊಟ್ಟರೆ ಆತನ ಕರ್ತವ್ಯ ಬಹುಮಟ್ಟಿಗೆ ತೀರಿತು. ಶಾಸನದ ಪ್ರಕಾರ ಕೌಂಟಿಯ ಸೆರೆಮನೆಯೂ ಆತನ ವಶದಲ್ಲಿಯೇ ಇತ್ತು. ಆದರೆ ಅದರ ಬಾಗಿಲು ದಾಟಿ, ಒಳಗೆ ಯಾರಿದ್ದಾರೆ, ಏತಕ್ಕಾಗಿ ಇದ್ದಾರೆ, ಎಂದಿನಿಂದ ಇದ್ದಾರೆ ಎಂದು ವಿಚಾರಿಸುವ ಷೆರೀಫರು ವಿರಳ. 1773ರಲ್ಲಿ ಬೆಡ್‌ಫರ್ಡ್ ಕೌಂಟಿಗೆ ಷೆರೀಫನಾದ ಜಾನ್ ಹೊವರ್ಡನು ಹಾಗೆ ವಿಚಾರಿಸಿದನು. ಆತನ ಉಳಿದ ಆಯುಷ್ಯವೆಲ್ಲ ಈ ಮೂರು ಪ್ರಶ್ನೆಗಳ ಬೆನ್ನಿಗೆ ಕಳೆಯಿತು.

ಹೊವರ್ಡನು ಹುಟ್ಟಿದುದು 1726ರಲ್ಲಿ. ತಂದೆ ಲಂಡನ್ನಿನಲ್ಲಿ ವ್ಯಾಪಾರದಿಂದ ಹಣ ಕೂಡಿಸಿದ್ದವನು. ತಾಯಿ ಎಳವೆಯಲ್ಲಿಯೇ ತೀರಿಕೊಂಡಳು. ಹುಡುಗನಿಗೆ ವಿದ್ಯೆ ಅಷ್ಟಾಗಿ ಹತ್ತಲಿಲ್ಲ, ದೇಹವೂ ಬಲವಾದುದಲ್ಲ. ಕಿರಾಣಿ ವರ್ತಕನೊಬ್ಬನಲ್ಲಿ ಕೆಲಸ ಕಲಿಯಲು ಬಿಟ್ಟಿದ್ದರು. 1742ರಲ್ಲಿ ತಂದೆ ತೀರಿಕೊಂಡು ಆಸ್ತಿ ಕೈಸೇರಿದಾಗ ಆ ಅಂಗಡಿಯ ಋಣ ಹರಿಯಿತು. ಕಾಯಿಲೆಯಲ್ಲಿ ತನ್ನನ್ನು ಉಪಚರಿಸಿದ, ವಯಸ್ಸಿನಲ್ಲಿ ತನ್ನ ಇಮ್ಮಡಿಯಾಗಿದ್ದ ಮನೆಯೊಡತಿಯನ್ನು ಕೃತಜ್ಞತೆಯಿಂದ ಮದುವೆಯಾದನು. ಆಕೆ ಕೆಲವೇ ವರ್ಷಗಳಲ್ಲಿ ಗತಿಸಿದಳು.

1755ರ ಭೂಕಂಪದಲ್ಲಿ ಲಿಸ್ಬನ್ ನಗರವು ಕುಸಿದ ಸುದ್ದಿ ಕೇಳಿ ಆತನು ಅತ್ತ ಹಡಗು ಹತ್ತಿದನು. ನಡುದಾರಿಯಲ್ಲಿ ಫ್ರೆಂಚರು ಆ ಹಡಗನ್ನು ಹಿಡಿದರು. ನಲವತ್ತು ಗಂಟೆಗಳ ಕಾಲ ಕುಡಿಯಲು ನೀರಿಲ್ಲ. ಅನಂತರ ಬ್ರೆಸ್ಟ್ ಕೋಟೆಯಲ್ಲಿ ಹುಲ್ಲಿನ ಮೇಲೆ ಆರು ರಾತ್ರಿ. ಸೆರೆಯೆಂದರೇನೆಂಬುದು ಆತನಿಗೆ ತಿಳಿದುದು ಹೀಗೆ. ಬಿಡುಗಡೆಯಾದ ಮೇಲೆ ಸುಮ್ಮನಿರದೆ, ಉಳಿದ ಸೆರೆಯಾಳುಗಳ ದುರವಸ್ಥೆಯನ್ನು, ಡಿನಾನ್ ಎಂಬಲ್ಲಿ ಒಂದೇ ದಿನ 36 ಮಂದಿಯನ್ನು ಒಂದೇ ಗುಂಡಿಯಲ್ಲಿ ಹೂಳಿದ ಸಂಗತಿಯೂ ಸೇರಿದಂತೆ, ಲಂಡನ್ನಿನ ಅಧಿಕಾರಿಗಳಿಗೆ ತಿಳಿಸಿದನು. ಅಲ್ಲಿಯೂ ಆತನ ಕೈಯಲ್ಲಿದ್ದುದು ರೋಷಕ್ಕಿಂತ ಹೆಚ್ಚಾಗಿ ಸಂಖ್ಯೆ.

ಬಳಿಕ ಬೆಡ್‌ಫರ್ಡಿನ ಬಳಿಯ ಕಾರ್ಡಿಂಗ್ಟನ್ ಗ್ರಾಮದಲ್ಲಿ ನೆಲೆಸಿ, 1758ರಲ್ಲಿ ಎರಡನೆಯ ಮದುವೆಯಾಗಿ, ಒಕ್ಕಲುಗಳಿಗೆ ಒಳ್ಳೆಯ ಮನೆಗಳನ್ನು ಕಟ್ಟಿಸುತ್ತ ಕಾಲ ಕಳೆದನು. 1765ರಲ್ಲಿ ಮಗನನ್ನು ಹೆತ್ತ ಕೆಲವೇ ದಿನಗಳಲ್ಲಿ ಆ ಹೆಂಡತಿಯೂ ಕಣ್ಮರೆಯಾದಳು. ಷೆರೀಫನ ಪದವಿ ಬಂದಾಗ ಆತನು ನಲವತ್ತಾರು ಕಳೆದ, ಮನೆ ಬರಿದಾದ ಮನುಷ್ಯ.

ಬೆಡ್‌ಫರ್ಡಿನ ಸೆರೆಮನೆ ಅಪ್ರಸಿದ್ಧವೇನಲ್ಲ. ಒಂದು ಶತಮಾನದ ಹಿಂದೆ ಜಾನ್ ಬನಿಯನ್ನನು ಹನ್ನೆರಡು ವರ್ಷ ಆ ಕೌಂಟಿಯ ಬಂದಿಯಾಗಿದ್ದವನು. ಹೊವರ್ಡನು ಅಲ್ಲಿ ಕಂಡುದು ಇದು: ವಿಚಾರಣೆ ನಡೆದು ನಿರ್ದೋಷಿಗಳೆಂದು ತೀರ್ಪಾದವರು ಮತ್ತೆ ಒಳಗೇ ಇದ್ದಾರೆ. ಆರೋಪ ನಿಲ್ಲದೆಂದು ಪಂಚಾಯತರು ತಳ್ಳಿಹಾಕಿದವರೂ ಇದ್ದಾರೆ. ಫಿರ್ಯಾದಿಯೇ ಬಾರದೆ ಮೊಕದ್ದಮೆ ಬಿದ್ದುಹೋದವರೂ ಇದ್ದಾರೆ. ಕಾರಣ, ಸೆರೆಮನೆಯ ಒಡೆಯನಿಗೆ ಸಂಬಳವಿರಲಿಲ್ಲ. ಬಂದಿಗಳು ಕೊಡುವ ಶುಲ್ಕವೇ ಅವನ ಜೀವನ. ಬಿಡುಗಡೆಯಾಗುವಾಗ ಅವನಿಗೆ 15 ಶಿಲಿಂಗ್ 4 ಪೆನ್ಸ್, ಬೀಗದ ಆಳಿಗೆ 2 ಶಿಲಿಂಗ್. ಕೂಲಿಕಾರನೊಬ್ಬನ ಎರಡು ವಾರದ ದುಡಿಮೆಗೂ ಮೀರಿದ ಈ ಹಣವನ್ನು, ತಿಂಗಳುಗಟ್ಟಲೆ ದುಡಿಮೆಯಿಲ್ಲದೆ ಕೊಳೆತವನು ಎಲ್ಲಿಂದ ತರಬೇಕು? ನ್ಯಾಯಾಲಯದ ಪುಸ್ತಕದಲ್ಲಿ ಆತ ಬಿಡುಗಡೆಯಾದವನು. ಸೆರೆಮನೆಯ ಪಟ್ಟಿಯಲ್ಲಿ ಬಂದಿ. ಈ ಎರಡನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ನೋಡುವ ಗೋಜಿಗೆ ಹಿಂದಿನ ಷೆರೀಫರು ಹೋಗಿರಲಿಲ್ಲ.

ಸೆರೆಮನೆಯವನಿಗೆ ಕೌಂಟಿಯ ಹಣದಿಂದ ಸಂಬಳ ಕೊಡಿರೆಂದು ಹೊವರ್ಡನು ಅಲ್ಲಿಯ ನ್ಯಾಯಪತಿಗಳನ್ನು ಕೇಳಿದನು. ಬೇರೆ ಕಡೆಯ ಪೂರ್ವನಿದರ್ಶನವನ್ನು ತಂದು ತೋರಿಸೆಂದು ಅವರು ಹೇಳಿದರು. ಅರ್ಜಿಯನ್ನು ಮೂಲೆಗೆ ತಳ್ಳಲು ಇದಕ್ಕಿಂತ ಸಭ್ಯವಾದ ಉಪಾಯವಿಲ್ಲ. ಅದನ್ನು ಅಕ್ಷರಶಃ ಪಾಲಿಸುವ ಮನುಷ್ಯ ಸಿಕ್ಕಾನೆಂದು ಅವರು ಎಣಿಸಿರಲಾರರು. ಆತನು ಕುದುರೆಯೇರಿ ನೆರೆಯ ಕೌಂಟಿಗಳಿಗೆ ಹೊರಟನು. ನಿದರ್ಶನ ಎಲ್ಲಿಯೂ ದೊರೆಯಲಿಲ್ಲ. ದೊರೆತುದು ಅದೇ ಅನ್ಯಾಯ. ಒಂದು ಕೌಂಟಿಯಿಂದ ಮತ್ತೊಂದಕ್ಕೆ, ಹೀಗೆ ದೇಶವೆಲ್ಲ ಸುತ್ತಾಯಿತು.

ಆತನ ಕ್ರಮ ಸರಳವಾದುದು. ಪ್ರತಿಯೊಂದು ಸೆರೆಮನೆಯಲ್ಲಿಯೂ ಅಧಿಕಾರಿ ಯಾರು, ಸಂಬಳವೆಷ್ಟು, ಶುಲ್ಕದ ದರವೇನು, ಮದ್ಯ ಮಾರಲು ಪರವಾನಗಿಯುಂಟೆ, ಬಂದಿಗೆ ರೊಟ್ಟಿ ಎಷ್ಟು, ವೈದ್ಯನುಂಟೆ ಎಂದು ಕೇಳಿ ಬರೆದುಕೊಳ್ಳುವನು, ಕೋಣೆಗಳನ್ನು ಅಳೆಯುವನು, ತಾನು ಬಂದ ತಾರೀಖಿನಂದು ಸಾಲಗಾರರೆಷ್ಟು, ಅಪರಾಧಿಗಳೆಷ್ಟು ಎಂದು ಎಣಿಸಿ ಗುರುತು ಹಾಕುವನು. ಬಾಯಿಮಾತನ್ನು ನಂಬದೆ ನೆಲಮಾಳಿಗೆಗೂ ಇಳಿಯುವನು. ಸೆರೆಮನೆಯ ಜ್ವರವು ಗಲ್ಲಿಗಿಂತ ಹೆಚ್ಚು ಮಂದಿಯನ್ನು ಕೊಲ್ಲುತ್ತಿದ್ದ ಕಾಲವದು. ಆತನ ಬಟ್ಟೆಗೆ ಹತ್ತಿದ ದುರ್ಗಂಧದಿಂದಾಗಿ ಮುಚ್ಚಿದ ಬಂಡಿಯಲ್ಲಿ ಕುಳಿತುಕೊಳ್ಳುವಂತಿರಲಿಲ್ಲ; ಆದುದರಿಂದಲೇ ಕುದುರೆಯ ಸವಾರಿ. ಟಿಪ್ಪಣಿಯ ಪುಸ್ತಕದ ಹಾಳೆಗಳನ್ನು ಬೆಂಕಿಯ ಮುಂದೆ ಕಾಯಿಸಿದ ಹೊರತು ಮುಟ್ಟಲಾಗುತ್ತಿರಲಿಲ್ಲ.

ಹಲ್ ಪಟ್ಟಣದಲ್ಲಿ ಹಿಂದೆ ಏಳು ವರ್ಷಕ್ಕೊಮ್ಮೆ ಮಾತ್ರ ದೊಡ್ಡ ನ್ಯಾಯಾಲಯ ಕೂಡುತ್ತಿದ್ದಿತಂತೆ. ಕೊಲೆಯ ಆರೋಪ ಹೊತ್ತವನೊಬ್ಬನು ಅಲ್ಲಿ ಸುಮಾರು ಮೂರು ವರ್ಷ ಕಾದನು. ಅಷ್ಟರಲ್ಲಿ ಮುಖ್ಯಸಾಕ್ಷಿಯೇ ಸತ್ತು, ಆತನು ಖುಲಾಸೆಯಾದನು. ವಿಳಂಬವು ನಿರ್ದೋಷಿಗೂ ಸಮಾಜಕ್ಕೂ ಏಕಕಾಲದಲ್ಲಿ ದ್ರೋಹವೆಂಬುದನ್ನು ಹೊವರ್ಡನು ಇಂತಹ ಸಂಗತಿಗಳಿಂದ ಕಾಣಿಸಿದನು. 1776ರ ಆತನ ಎಣಿಕೆಯಂತೆ ಇಂಗ್ಲೆಂಡು ಮತ್ತು ವೇಲ್ಸ್‌ಗಳ ಬಂದಿಗಳು 4,084. ಅವರಲ್ಲಿ 2,437 ಮಂದಿ ಬರಿಯ ಸಾಲಗಾರರು.

1774ರಲ್ಲಿ ಪಾರ್ಲಿಮೆಂಟು ಆತನನ್ನು ಕರೆಸಿ ವಿಚಾರಿಸಿತು, ವಂದಿಸಿತು, ಎರಡು ಶಾಸನಗಳನ್ನು ಮಾಡಿತು: ನಿರ್ದೋಷಿಯನ್ನು ಶುಲ್ಕವಿಲ್ಲದೆ ಬಿಡತಕ್ಕದ್ದು, ಬಂದಿಗಳ ಆರೋಗ್ಯವನ್ನು ಕಾಯತಕ್ಕದ್ದು. ಆ ಶಾಸನಗಳನ್ನು ಹೊವರ್ಡನು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿ ಕೌಂಟಿಯ ಸೆರೆಮನೆಗಳಿಗೆ ಕಳುಹಿಸಿದನು. ಪಾಲಿಸಿದರೋ ಇಲ್ಲವೋ ಎಂದು ಮತ್ತೆ ಹೋಗಿ ನೋಡಿದನು. 1777ರಲ್ಲಿ ಆತನ ದೊಡ್ಡ ಗ್ರಂಥ ಪ್ರಕಟವಾಯಿತು. ಸಾಹಿತ್ಯದ ಸೊಗಸು ಅದರಲ್ಲಿಲ್ಲ. ಸ್ಥಳ, ತಾರೀಖು, ಸಂಖ್ಯೆ ಅಷ್ಟೆ. ಆದರೆ ಅಲ್ಲಗಳೆಯಲು ಸಾಧ್ಯವಾಗದಂತಹ ಗ್ರಂಥ.

ಎಲ್ಲವೂ ಶ್ಲಾಘ್ಯವೆಂದು ಹೇಳಲಾರೆ. ಬಂದಿಗಳು ರಾತ್ರಿ ಒಬ್ಬೊಬ್ಬರೇ ಮಲಗಬೇಕೆಂಬ ಆತನ ಸಲಹೆಯನ್ನು ಮುಂದಿನ ಪೀಳಿಗೆಯವರು ಹಗಲಿರುಳಿನ ಘೋರ ಏಕಾಂತವಾಗಿ ಬೆಳೆಸಿದರು. ತಾಯಿಯಿಲ್ಲದ ಮಗನು ಬೇರೆಯವರ ಕೈಯಲ್ಲಿ ಬೆಳೆದು, ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡನು. ಪರರ ಸೆರೆಗಳನ್ನೆಲ್ಲ ಬಲ್ಲ ತಂದೆಗೆ ಆ ಹುಡುಗನ ಒಳಗು ತಿಳಿಯಲಿಲ್ಲವೆಂದೇ ನನಗೆ ತೋರುತ್ತದೆ. ಯೂರೋಪಿನ ಉದ್ದಗಲಕ್ಕೂ ತಿರುಗಿ, 1790ರ ಜನವರಿಯಲ್ಲಿ ಕಪ್ಪುಸಮುದ್ರದ ಹತ್ತಿರದ ಖೆರ್ಸೋನಿನಲ್ಲಿ ಜ್ವರದಿಂದ ತೀರಿಕೊಂಡನು. ಬದುಕಿದ್ದಾಗ ತನ್ನ ಪ್ರತಿಮೆಗೆಂದು ಕೂಡಿಸುತ್ತಿದ್ದ ಚಂದಾವನ್ನು ನಿಲ್ಲಿಸಿದ್ದವನ ಪ್ರತಿಮೆಯೇ ಲಂಡನ್ನಿನ ಸೇಂಟ್ ಪಾಲ್ ದೇವಾಲಯದೊಳಗೆ ಮೊದಲು ನಿಂತಿತು.

ಸೆರೆಮನೆಯ ಶುಲ್ಕಗಳು ಇಂಗ್ಲೆಂಡಿನಲ್ಲಿ 1815ರಲ್ಲಿ ರದ್ದಾದುವು; 1823ರ ಶಾಸನವು ಅಧಿಕಾರಿಗೆ ಸಂಬಳವನ್ನೂ ಕ್ರಮವಾದ ದಿನಚರಿಯನ್ನೂ ವಿಧಿಸಿತು; 1877ರ ಶಾಸನದಿಂದ ಕೌಂಟಿಯ ಸೆರೆಮನೆಗಳು ಸರ್ಕಾರದ ಕೈಸೇರಿದುವು. ಬೆಡ್‌ಫರ್ಡಿನ ಹತ್ತೊಂಬತ್ತನೆಯ ಶತಮಾನದ ಬಂದಿಗಳ ದಫ್ತರಗಳು ಈಗ ಆ ಕೌಂಟಿಯ ದಾಖಲೆ ಭಂಡಾರದಲ್ಲಿವೆ. 1805ರಿಂದ 1892ರವರೆಗಿನ ಅಪರಾಧ ಮೊಕದ್ದಮೆಗಳ ಕೌಂಟಿವಾರು ಪಟ್ಟಿಗಳು ಲಂಡನ್ನಿನ ಕ್ಯೂ ಎಂಬಲ್ಲಿಯ ರಾಷ್ಟ್ರೀಯ ದಾಖಲಾಲಯದಲ್ಲಿವೆ. ಅಮೆರಿಕದಲ್ಲಿ ಮಾತ್ರ ಬಹುಪಾಲು ಕೌಂಟಿಗಳ ಸೆರೆಮನೆ ಇಂದಿಗೂ ಷೆರೀಫನ ವಶ. ಬಂದಿಯನ್ನು ಒಳಗೆ ತಂದೊಡನೆ ಹೆಸರು, ತಾರೀಖು, ಆರೋಪ, ಜಾಮೀನಿನ ಮೊತ್ತಗಳನ್ನು ಅಲ್ಲಿ ದಾಖಲು ಮಾಡುತ್ತಾರೆ. ಆಯಾ ರಾಜ್ಯದ ಸಾರ್ವಜನಿಕ ದಾಖಲೆಗಳ ಕಾಯಿದೆ ಅನುಮತಿಸುವಷ್ಟರ ಮಟ್ಟಿಗೆ, ಹೆಸರನ್ನೂ ಅಂದಾಜಿನ ತಾರೀಖನ್ನೂ ಬರೆದು ಅರ್ಜಿ ಕೊಟ್ಟವರಿಗೆ ಅದರ ಪ್ರತಿ ದೊರೆಯುತ್ತದೆ. ಆ ದಾಖಲೆ ಹೇಳುವುದು ಮನುಷ್ಯನನ್ನು ಹಿಡಿದು ತಂದರೆಂಬುದನ್ನು ಮಾತ್ರ. ಮೊಕದ್ದಮೆ ಏನಾಯಿತೆಂಬುದನ್ನು ತಿಳಿಯಬೇಕಾದವನು ಅಲ್ಲಿಂದೆದ್ದು ನ್ಯಾಯಾಲಯದ ಗುಮಾಸ್ತನ ಬಳಿಗೆ ಹೋಗಿ, ಎರಡನೆಯ ಪುಸ್ತಕವನ್ನೂ ಕೇಳಬೇಕು.