ಅಪ್ಪನ ಆಸೆ, ಮಗನ ಚೆಂಡು

ಡಿಗ್ರಿ ಮುಗಿದು ಎರಡು ವರ್ಷವಾಯಿತು. ಬೆಳಿಗ್ಗೆ ಎಫ್‌ಡಿಎ ಪರೀಕ್ಷೆಗೆ ಓದು, ಸಂಜೆ ನಮ್ಮ ಶೆಟ್ಟಿಹಳ್ಳಿ ಹುಡುಗರ ಜೊತೆ ಫುಟ್‌ಬಾಲ್. ಬೂಟಿನ ಚೀಲ ಹೆಗಲಿಗೇರಿಸಿದ ಕೂಡಲೇ ಅಪ್ಪ ಪೇಪರಿನಿಂದ ತಲೆ ಎತ್ತುತ್ತಾರೆ. ಏನೂ ಅನ್ನುವುದಿಲ್ಲ. ಅದೇ ಕಷ್ಟ.

ಸಾಮಾನ್ಯ ಜ್ಞಾನದ ಪುಸ್ತಕ ತಿರುವುವಾಗ ಡಾ. ತಾಲಿಮೆರೆನ್ ಆವೊ ಸಿಕ್ಕಿದ್ದು ಇಂಥ ದಿನಗಳಲ್ಲೇ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡದ ನಾಯಕ. ಪರೀಕ್ಷೆಗೆ ಅದು ಒಂದು ಅಂಕದ ಉತ್ತರ ಅಷ್ಟೆ. ನನ್ನನ್ನು ತಡೆದು ನಿಲ್ಲಿಸಿದ್ದು ಹೆಸರಿನ ಮುಂದಿದ್ದ ಆ ‘ಡಾ’. ಹುಡುಕಿಕೊಂಡು ಓದಿದೆ.

ಆವೊ ಹುಟ್ಟಿದ್ದು 1918ರಲ್ಲಿ, ನಾಗಾ ಬೆಟ್ಟಗಳ ಚಾಂಗ್ಕಿ ಎಂಬ ಹಳ್ಳಿಯಲ್ಲಿ. ದೊಡ್ಡ ಸಂಸಾರ. ತಂದೆ ಚರ್ಚಿನ ಪಾದ್ರಿ. ಅವರು ಟೈಫಾಯ್ಡ್‌ಗೆ ತುತ್ತಾಗಿ ತೀರಿಕೊಂಡರು. ಮಗ ಡಾಕ್ಟರಾಗಿ ತನ್ನ ಜನರ ಸೇವೆ ಮಾಡಬೇಕು ಎಂಬುದು ಅವರ ಕೊನೆಯ ಆಸೆಯಾಗಿತ್ತು. ಹುಡುಗನಿಗೋ ಕಾಲಲ್ಲಿ ಚೆಂಡು! ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ಓದುತ್ತಲೇ ಆಡಿದರು. 1942ರಲ್ಲಿ ಕಲ್ಕತ್ತಾದ ಕಾರ್ಮೈಕಲ್ ಮೆಡಿಕಲ್ ಕಾಲೇಜು ಸೇರಿದರು. ಮರುವರ್ಷವೇ ಮೋಹನ್ ಬಗಾನ್ ತಂಡದಲ್ಲಿದ್ದರು.

1948ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ನಮ್ಮ ತ್ರಿವರ್ಣ ಧ್ವಜ ಹಿಡಿದು ನಡೆದದ್ದು ಈ ವೈದ್ಯ ವಿದ್ಯಾರ್ಥಿಯೇ. ದೇಶ ಸ್ವತಂತ್ರವಾಗಿ ಒಂದು ವರ್ಷವೂ ತುಂಬಿರಲಿಲ್ಲ. ಜುಲೈ 31ರಂದು ಫ್ರಾನ್ಸ್ ವಿರುದ್ಧ ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಬೆಂಗಳೂರಿನ ಅಹ್ಮದ್ ಖಾನ್, ಸಾರಂಗಪಾಣಿ ರಾಮನ್ ತಂಡದಲ್ಲಿದ್ದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು, 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ನಮ್ಮ ಬೆಂಗಳೂರಿನವರದು! ಆದರೆ ಎರಡು ಪೆನಾಲ್ಟಿಗಳು ಕೈತಪ್ಪಿದ್ದವು. ಕೊನೇ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ಪೆನಾಲ್ಟಿ ತಪ್ಪಿಸಿಕೊಂಡು ರಾತ್ರಿಯೆಲ್ಲ ಹೊರಳಾಡಿದವನು ನಾನೂ ಹೌದು. ಅದು ತಾಲ್ಲೂಕು ಮಟ್ಟದ್ದು ಬಿಡಿ.

ಅಲ್ಲಿಂದ ಬಂದ ನಾಯಕ ಮತ್ತೆ ಕುಳಿತದ್ದು ಪುಸ್ತಕದ ಮುಂದೆ. ಎಂಬಿಬಿಎಸ್ ಮುಗಿದದ್ದು 1950ರಲ್ಲಿ. ಅಂದರೆ ಸೇರಿ ಎಂಟು ವರ್ಷ. ನಮ್ಮ ಕಡೆಯಾಗಿದ್ದರೆ ಮದುವೆ ಮನೆಯಲ್ಲಿ ನೆಂಟರು ಎಷ್ಟು ಸಲ ಕೇಳುತ್ತಿದ್ದರೋ!

ಆಮೇಲೆ ಅವರು ಹೆಚ್ಚು ಕಾಲ ಆಡಲಿಲ್ಲ. ಹೆಸರಿತ್ತು, ಮೋಹನ್ ಬಗಾನ್‌ನಂಥ ತಂಡವಿತ್ತು. ಆದರೂ ಕಲ್ಕತ್ತಾ ಬಿಟ್ಟು ತಮ್ಮ ಬೆಟ್ಟಗಳ ಕಡೆ ಹೊರಟರು. ಕೊಹಿಮಾದ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಮುಂದೆ ನಾಗಾಲ್ಯಾಂಡಿನ ಆರೋಗ್ಯ ಸೇವೆಗಳ ನಿರ್ದೇಶಕರಾಗಿ 1978ರಲ್ಲಿ ನಿವೃತ್ತರಾದರು. 1998ರಲ್ಲಿ ತೀರಿಕೊಂಡರು. ಮೈದಾನದಲ್ಲಿ ಕಳೆದದ್ದು ಹತ್ತು ಹನ್ನೆರಡು ವರ್ಷವಾದರೆ, ರೋಗಿಗಳ ನಡುವೆ, ಆಸ್ಪತ್ರೆಗಳ ಕಡತಗಳ ನಡುವೆ ಕಳೆದದ್ದು ಅದರ ಎರಡು ಪಟ್ಟಿಗಿಂತ ಹೆಚ್ಚು. ಆ ಭಾಗದ ಬಗ್ಗೆ ಗೈಡುಗಳಲ್ಲಿ ಒಂದು ಸಾಲೂ ಇಲ್ಲ ಎಂಬುದು ನನಗೆ ಅನ್ಯಾಯವೆನಿಸಿತು.

ಅಪ್ಪನ ಆಸೆ ಒಂದು ಕಡೆ, ಆಟ ಒಂದು ಕಡೆ ಎಂದು ನಾನು ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿದ್ದೆ. ಈ ಮನುಷ್ಯ ಎಂಟು ವರ್ಷ ಎರಡನ್ನೂ ಹೊತ್ತು ನಡೆದಿದ್ದರು.

ಮೊನ್ನೆ ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಮಜ್ಜಿಗೆ ಬಡಿಸಿಕೊಳ್ಳುತ್ತಾ, ಹಾಲ್ ಟಿಕೆಟ್ ಬಂತಾ ಎಂದು ವಿಚಾರಿಸಿದರು.